ಟ್ರಿಬ್ಯೂನ್ ಕಂಪನಿ: ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ

ಕೈಯಿಂದ 31.5 ಕೋಟಿ ಡಾಲರ್ ಹಾಕಿ 820 ಕೋಟಿ ಡಾಲರಿನ ಕಂಪನಿ ಹಿಡಿಯಬಹುದಾ? ಹಿಡಿಯಬಹುದು. 2007ರಲ್ಲಿ ಚಿಕಾಗೋದಲ್ಲಿ ಒಬ್ಬರು ಹಿಡಿದೇ ಬಿಟ್ಟರು. ಮಿಕ್ಕದ್ದೆಲ್ಲ ಸಾಲ. ಆ ಸಾಲ ಅವರ ತಲೆಯ ಮೇಲಿರಲಿಲ್ಲ, ಅವರು ಕೊಂಡ ಕಂಪನಿಯ ತಲೆಯ ಮೇಲಿತ್ತು. ಕಂಪನಿಯ ಒಡೆತನ ಕಾಗದದ ಮೇಲೆ ಯಾರದು ಅಂದರೆ, ಅಲ್ಲಿ ಕೆಲಸ ಮಾಡುವ ನೌಕರರದ್ದು. ವ್ಯವಹಾರ ಮುಗಿದು ವರ್ಷ ತುಂಬುವ ಮೊದಲೇ ಕಂಪನಿ ದಿವಾಳಿ ಕೋರ್ಟಿನ ಬಾಗಿಲಲ್ಲಿ ನಿಂತಿತ್ತು.

ಇದು ಅಮೆರಿಕದ ಟ್ರಿಬ್ಯೂನ್ ಕಂಪನಿಯ ಕಥೆ. ಚಿಕಾಗೋ ಟ್ರಿಬ್ಯೂನ್, ಲಾಸ್ ಏಂಜಲೀಸ್ ಟೈಮ್ಸ್, ಬಾಲ್ಟಿಮೋರ್ ಸನ್ ತರಹದ ಪತ್ರಿಕೆಗಳು, ಜೊತೆಗೆ 23 ಟಿವಿ ಸ್ಟೇಷನ್‌ಗಳು, ಸಾಲದ್ದಕ್ಕೆ ಒಂದು ಬೇಸ್‌ಬಾಲ್ ತಂಡ. ಇಷ್ಟೆಲ್ಲ ಇದ್ದ ಕಂಪನಿ ಹೇಗೆ ಮುಳುಗಿತು ಅಂತ ಯಾರನ್ನಾದರೂ ಕೇಳಿ, 'ಇಂಟರ್ನೆಟ್ ಬಂತಲ್ಲ, ಪೇಪರ್ ಓದುವವರು ಯಾರು' ಅನ್ನುತ್ತಾರೆ. ಅದು ಅರ್ಧ ನಿಜ. ಇನ್ನರ್ಧ ಗೊತ್ತಾಗಬೇಕಾದರೆ ಸಾಲ ಯಾರ ಹೆಸರಲ್ಲಿ ಬಂತು, ದುಡ್ಡು ಯಾರ ಜೇಬಿಗೆ ಹೋಯಿತು ಅನ್ನುವುದನ್ನು ನೋಡಬೇಕು.

ಹಳೇ ಮನೆತನ

ಚಿಕಾಗೋ ಟ್ರಿಬ್ಯೂನ್ ಶುರುವಾದದ್ದು 1847ರಲ್ಲಿ. ಮುಂದೆ ಅದನ್ನು ಬಹಳ ವರ್ಷ ನಡೆಸಿದವರು ಕರ್ನಲ್ ರಾಬರ್ಟ್ ಮೆಕಾರ್ಮಿಕ್. ಸಂಕೋಚ ಅನ್ನುವುದು ಆ ಮನೆಯ ಕಡೆ ಸುಳಿದಿರಲಿಲ್ಲ. ಪತ್ರಿಕೆ ತನ್ನನ್ನು ತಾನೇ 'ಜಗತ್ತಿನ ಶ್ರೇಷ್ಠ ಪತ್ರಿಕೆ' ಎಂದು ಕರೆದುಕೊಳ್ಳುತ್ತಿತ್ತು, ಆ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನೇ ಹೆಕ್ಕಿ 1924ರಲ್ಲಿ ತನ್ನ ರೇಡಿಯೋಗೆ ಡಬ್ಲ್ಯುಜಿಎನ್ ಎಂದು ಹೆಸರಿಟ್ಟಿತು. 1948ರಲ್ಲಿ ಅದೇ ಹೆಸರಿನ ಟಿವಿ ಬಂತು. 1981ರಲ್ಲಿ ಚಿಕಾಗೋ ಕಬ್ಸ್ ಬೇಸ್‌ಬಾಲ್ ತಂಡವನ್ನು 2.05 ಕೋಟಿ ಡಾಲರಿಗೆ ಕೊಂಡರು. ಲೆಕ್ಕಾಚಾರ ಚೆನ್ನಾಗಿತ್ತು. ಆಡುವ ತಂಡ ತಮ್ಮದು, ಆಟ ತೋರಿಸುವ ಟಿವಿ ತಮ್ಮದು, ಬೆಳಗ್ಗೆ ಎದ್ದರೆ ಅದರ ವರದಿ ಬರೆಯುವ ಪತ್ರಿಕೆಯೂ ತಮ್ಮದೇ. 1983ರಲ್ಲಿ ಕಂಪನಿ ಶೇರು ಮಾರುಕಟ್ಟೆಗೆ ಹೋಯಿತು.

ಇಲ್ಲಿ ಒಂದು ಕಾನೂನಿನ ಮಾತು ಹೇಳಲೇಬೇಕು. ಅಮೆರಿಕದಲ್ಲಿ ರೇಡಿಯೋ, ಟಿವಿಗಳ ಲೈಸೆನ್ಸ್ ಕೊಡುವುದು ಎಫ್‌ಸಿಸಿ. ಒಂದೇ ಊರಿನ ದಿನಪತ್ರಿಕೆಯೂ ಟಿವಿಯೂ ಒಬ್ಬರ ಕೈಯಲ್ಲಿ ಇರಬಾರದು ಎಂದು ಅದು 1975ರಲ್ಲಿ ನಿಯಮ ಮಾಡಿತು. ಊರಿನ ಸುದ್ದಿಯನ್ನೆಲ್ಲ ಒಬ್ಬನೇ ಹೇಳುವಂತಾದರೆ ಆ ಒಬ್ಬನ ಬಗ್ಗೆ ಹೇಳುವವರು ಯಾರು, ಅಲ್ವಾ? ಆದರೆ ಅದಕ್ಕೂ ಮೊದಲಿಂದ ಇದ್ದ ಕೆಲವು ಜೋಡಿಗಳನ್ನು ಹಾಗೇ ಬಿಟ್ಟರು. ಚಿಕಾಗೋದ ಜೋಡಿ ಅದರಲ್ಲಿ ಒಂದು. ಹೀಗಾಗಿ ಊರಿನ ದೊಡ್ಡ ಪತ್ರಿಕೆ ಮತ್ತು ದೊಡ್ಡ ಟಿವಿ ಎರಡನ್ನೂ ಇಟ್ಟುಕೊಂಡ ರುಚಿ ಈ ಕಂಪನಿಗೆ ಮೊದಲಿಂದಲೂ ಗೊತ್ತಿತ್ತು. ಚಿಕಾಗೋದಲ್ಲಿ ನಡೆದದ್ದು ಎಲ್ಲ ಕಡೆ ನಡೆಯುತ್ತದೆ ಎಂದು ನಂಬಿದ್ದೇ ಮೊದಲ ಎಡವಟ್ಟು.

2000ರಲ್ಲಿ ಟ್ರಿಬ್ಯೂನ್ ಸುಮಾರು 800 ಕೋಟಿ ಡಾಲರಿಗೆ ಟೈಮ್ಸ್ ಮಿರರ್ ಎಂಬ ಕಂಪನಿಯನ್ನು ಕೊಂಡಿತು. ಲಾಸ್ ಏಂಜಲೀಸ್ ಟೈಮ್ಸ್, ನ್ಯೂಯಾರ್ಕ್ ಪಕ್ಕದ ನ್ಯೂಸ್‌ಡೇ, ಬಾಲ್ಟಿಮೋರ್ ಸನ್, ಹಾರ್ಟ್‌ಫರ್ಡ್ ಕೌರಂಟ್ ಎಲ್ಲ ಒಟ್ಟಿಗೆ ಬಂದವು. ಮಾರಿದವರು ಚಾಂಡ್ಲರ್ ಮನೆತನದವರು. ಮಾತುಕತೆ ಎಷ್ಟು ಗುಟ್ಟಾಗಿ ನಡೆಯಿತೆಂದರೆ, ಟೈಮ್ಸ್ ಮಿರರ್ ನಡೆಸುತ್ತಿದ್ದ ಮುಖ್ಯಸ್ಥರಿಗೇ ವಿಷಯ ಗೊತ್ತಾಗುವಾಗ ಎಲ್ಲ ಹೆಚ್ಚುಕಡಿಮೆ ಮುಗಿದಿತ್ತು. ಚಾಂಡ್ಲರ್‌ಗಳು ಟ್ರಿಬ್ಯೂನ್‌ನ ದೊಡ್ಡ ಶೇರುದಾರರಾಗಿ ಬೋರ್ಡಿನಲ್ಲಿ ಕೂತರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇವರೇ ಗಲಾಟೆ ಶುರು ಮಾಡುವವರು.

ಕೂಡಿ ಬಾಳುವ ಕನಸು

ದೇಶದ ಮೂರು ದೊಡ್ಡ ಊರುಗಳಾದ ನ್ಯೂಯಾರ್ಕ್, ಲಾಸ್ ಏಂಜಲೀಸ್, ಚಿಕಾಗೋ ಮೂರರಲ್ಲೂ ಈಗ ಪತ್ರಿಕೆಯೂ ಇತ್ತು, ಟಿವಿಯೂ ಇತ್ತು. ಒಬ್ಬ ವರದಿಗಾರ ತಂದ ಸುದ್ದಿ ಪತ್ರಿಕೆಗೂ ಆಗುತ್ತದೆ, ಟಿವಿಗೂ ಆಗುತ್ತದೆ, ವೆಬ್‌ಸೈಟಿಗೂ ಆಗುತ್ತದೆ. ಜಾಹೀರಾತು ಮಾರುವವರು ಒಂದೇ ಕಂತೆಯಲ್ಲಿ ಮೂರು ಊರನ್ನೂ ಮಾರುತ್ತಾರೆ. ಹೀಗಂದುಕೊಂಡಿದ್ದರು.

ಆಗಲಿಲ್ಲ. ಯಾಕೆ ಅಂತ ಯೋಚಿಸಿದರೆ ವಿಷಯ ಸರಳ. ಪತ್ರಿಕೆಯ ಹೊಟ್ಟೆ ತುಂಬಿಸುತ್ತಿದ್ದವರು ಊರಿನ ಬಟ್ಟೆ ಅಂಗಡಿ, ಕಾರು ಮಾರುವವರು, ಮನೆ ಮಾರುವವರು, ಕೆಲಸಕ್ಕೆ ಜನ ಬೇಕೆನ್ನುವವರು. ಲಾಸ್ ಏಂಜಲೀಸ್‌ನ ಕಾರು ವ್ಯಾಪಾರಿಗೆ ಚಿಕಾಗೋ ಓದುಗ ಕಟ್ಟಿಕೊಂಡು ಏನಾಗಬೇಕು? ಇಡೀ ದೇಶಕ್ಕೆ ಜಾಹೀರಾತು ಕೊಡುವ ದೊಡ್ಡ ಕಂಪನಿಗಳಿಗೆ ರಾಷ್ಟ್ರೀಯ ಟಿವಿ ಜಾಲಗಳು ಇದ್ದೇ ಇದ್ದವು. ಸುದ್ದಿಮನೆಗಳ ಕಥೆಯೂ ಅಷ್ಟೇ. ಎರಡು ನಿಮಿಷದ ಟಿವಿ ಸುದ್ದಿಗೆ ಬೇಕಾದದ್ದೇ ಬೇರೆ, ಎರಡು ತಿಂಗಳು ಕೂತು ಮಾಡುವ ತನಿಖಾ ವರದಿಗೆ ಬೇಕಾದದ್ದೇ ಬೇರೆ.

ಕಾನೂನೂ ಅಡ್ಡ ಬಂತು. ಚಿಕಾಗೋಗೆ ಸಿಕ್ಕ ವಿನಾಯಿತಿ ಲಾಸ್ ಏಂಜಲೀಸ್‌ನ ಕೆಟಿಎಲ್‌ಎ ಟಿವಿಗಾಗಲಿ ನ್ಯೂಯಾರ್ಕಿನ ಡಬ್ಲ್ಯುಪಿಐಎಕ್ಸ್‌ಗಾಗಲಿ ಇರಲಿಲ್ಲ. ಟಿವಿ ಲೈಸೆನ್ಸ್ ನವೀಕರಿಸುವ ಹೊತ್ತಿಗೆ ನಿಯಮವೇ ಸಡಿಲವಾಗಿರುತ್ತದೆ ಎನ್ನುವ ನಂಬಿಕೆಯ ಮೇಲೆ 800 ಕೋಟಿ ಸುರಿದಿದ್ದರು. ನಿಯಮ ಕೊನೆಗೂ ಹೋಯಿತು ಅನ್ನಿ. ಎಫ್‌ಸಿಸಿ ಅದನ್ನು ತೆಗೆದದ್ದು 2017ರಲ್ಲಿ, ಸುಪ್ರೀಂ ಕೋರ್ಟ್ ಸರಿ ಎಂದದ್ದು 2021ರಲ್ಲಿ. ಅಷ್ಟು ಹೊತ್ತಿಗೆ ಕೂಡಿಸಲು ಟ್ರಿಬ್ಯೂನ್‌ನಲ್ಲಿ ಏನೂ ಉಳಿದಿರಲಿಲ್ಲ.

ಈ ನಡುವೆ ಏಟಿನ ಮೇಲೆ ಏಟು. 2004ರಲ್ಲಿ ನ್ಯೂಸ್‌ಡೇ ತನ್ನ ಪ್ರಸಾರ ಸಂಖ್ಯೆಯನ್ನು ಸುಳ್ಳೇ ಉಬ್ಬಿಸಿ ಹೇಳಿದ್ದು ಹೊರಬಿದ್ದು, ಜಾಹೀರಾತುದಾರರಿಗೆ ದುಡ್ಡು ವಾಪಸ್ ಕೊಡಬೇಕಾಯಿತು. 2005ರಲ್ಲಿ ಟೈಮ್ಸ್ ಮಿರರ್ ಕಾಲದ ಒಂದು ಹಳೇ ತೆರಿಗೆ ಕೇಸು ಸೋತು ಬಡ್ಡಿ ಸೇರಿ ಸುಮಾರು 100 ಕೋಟಿ ಡಾಲರ್ ಕಟ್ಟಬೇಕಾಗಿ ಬಂತು. ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳು ಒಂದರೊಳಗೊಂದು ಸೇರಿಹೋದವು, 2006ರಲ್ಲಿ ಚಿಕಾಗೋದ ಮಾರ್ಷಲ್ ಫೀಲ್ಡ್ಸ್ ಮೇಸೀಸ್ ಆಯಿತು. ಎರಡು ಅಂಗಡಿ ಒಂದಾದರೆ ಎರಡು ಪೂರ್ತಿ ಪುಟದ ಜಾಹೀರಾತೂ ಒಂದಾಗುತ್ತದೆ. ಮನೆ, ಕಾರು, ಕೆಲಸ ಎನ್ನುವ ಸಣ್ಣ ಸಣ್ಣ ವರ್ಗೀಕೃತ ಜಾಹೀರಾತು ಕ್ರೇಗ್ಸ್‌ಲಿಸ್ಟ್ ತರಹದ ವೆಬ್ ತಾಣಗಳಿಗೆ ಸೋರಿತು.

ಲಾಸ್ ಏಂಜಲೀಸ್ ಟೈಮ್ಸ್ 2004ರಲ್ಲಿ ಒಂದೇ ವರ್ಷ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಐದು ಗೆದ್ದಿತ್ತು. ಮಾರನೇ ವರ್ಷ ಅದರ ಸಂಪಾದಕ ಜಾನ್ ಕ್ಯಾರಲ್ ಬಿಟ್ಟು ಹೋದರು. ಅವರ ಜಾಗಕ್ಕೆ ಬಂದ ಡೀನ್ ಬಕೇ ಇನ್ನು ಜನರನ್ನು ತೆಗೆಯುವುದಿಲ್ಲ ಎಂದು ಬಹಿರಂಗವಾಗಿ ಹೇಳಿ 2006ರಲ್ಲಿ ಕೆಲಸ ಕಳೆದುಕೊಂಡರು. ಅದೇ ಬಕೇ ಮುಂದೆ ನ್ಯೂಯಾರ್ಕ್ ಟೈಮ್ಸ್‌ನ ಮುಖ್ಯ ಸಂಪಾದಕರಾದರು. ಕೈಬಿಟ್ಟದ್ದು ಎಂಥವರನ್ನು ಅಂತ ತಿಳಿಯಲಿ ಎಂದು ಹೇಳಿದೆ, ಅಷ್ಟೇ.

2006ರ ಜೂನ್‌ನಲ್ಲಿ ಚಾಂಡ್ಲರ್‌ಗಳು ಬೋರ್ಡಿಗೆ ಬಿಸಿಬಿಸಿ ಕಾಗದ ಬರೆದು ಅದನ್ನು ಬಹಿರಂಗ ಮಾಡಿದರು. ಕಂಪನಿಯನ್ನು ಒಡೆಯಿರಿ ಇಲ್ಲವೇ ಮಾರಿ ಎನ್ನುವುದು ಸಾರಾಂಶ. ಕಂಪನಿ ಹರಾಜಿಗೆ ನಿಂತಿತು. ಮೈ ತುಂಬ ಆಸ್ತಿ ಇದ್ದರೂ ಬಾಯಿ ತುಂಬ ಬೆಲೆ ಹೇಳುವವರು ಬರಲಿಲ್ಲ.

ಜೆಲ್ ಲೆಕ್ಕ

ಬಂದವರು ಸ್ಯಾಮ್ ಜೆಲ್. ಚಿಕಾಗೋದ ರಿಯಲ್ ಎಸ್ಟೇಟ್ ಕುಳ. 2007ರ ಫೆಬ್ರವರಿಯಲ್ಲಿ ತಮ್ಮ ಆಫೀಸ್ ಕಟ್ಟಡಗಳ ಕಂಪನಿಯನ್ನು ಬ್ಲ್ಯಾಕ್‌ಸ್ಟೋನ್ ಎಂಬ ಹೂಡಿಕೆ ಸಂಸ್ಥೆಗೆ 3,900 ಕೋಟಿ ಡಾಲರಿಗೆ ಮಾರಿದ್ದರು. ರಿಯಲ್ ಎಸ್ಟೇಟ್ ಬೀಳುವ ಸ್ವಲ್ಪ ಮೊದಲು ಮಾರಿದ ಜಾಣ ಅನ್ನುವ ಹೆಸರು ಅವರಿಗೆ ಬಂತು. ಪತ್ರಿಕೆ ನಡೆಸಿದ ಅನುಭವ ಇರಲಿಲ್ಲ. ಏಪ್ರಿಲ್ 2ರಂದು ಟ್ರಿಬ್ಯೂನ್ ಅವರ ಪ್ರಸ್ತಾವ ಒಪ್ಪಿತು: ಒಂದು ಶೇರಿಗೆ 34 ಡಾಲರ್, ಒಟ್ಟು 820 ಕೋಟಿ.

ಈ ವ್ಯವಹಾರ ಹೆಣೆದ ರೀತಿಯೇ ಈ ಪ್ರಕರಣದ ಜೀವಾಳ, ಹಾಗಾಗಿ ನಿಧಾನಕ್ಕೆ ನೋಡೋಣ.

ಜೆಲ್ ಹಾಕಿದ 31.5 ಕೋಟಿಯಲ್ಲಿ 22.5 ಕೋಟಿ ಕಂಪನಿಗೆ ಕೊಟ್ಟ ಸಾಲ. ಉಳಿದ 9 ಕೋಟಿ ಒಂದು ಹಕ್ಕಿಗೆ ಕೊಟ್ಟ ಬೆಲೆ: ಮುಂದೆ ಬೇಕೆನಿಸಿದಾಗ ಮೊದಲೇ ನಿಗದಿಯಾದ ದರಕ್ಕೆ ಕಂಪನಿಯ ಶೇಕಡಾ 40 ಪಾಲು ಕೊಳ್ಳುವ ಹಕ್ಕು. ಹಾಗಾದರೆ ಈಗ ಒಡೆಯರು ಯಾರು? ನೌಕರರ ಶೇರು ಟ್ರಸ್ಟ್. ಅಮೆರಿಕದಲ್ಲಿ ಇದನ್ನು ಈಸಾಪ್ ಅನ್ನುತ್ತಾರೆ. ನೌಕರರ ನಿವೃತ್ತಿಗಾಗಿ ಕಂಪನಿಯ ಶೇರನ್ನೇ ಇಡುವ ಟ್ರಸ್ಟ್ ಅದು. ಇಡೀ ಟ್ರಿಬ್ಯೂನ್ ಆ ಟ್ರಸ್ಟಿನದ್ದಾಯಿತು. ಹೀಗೆ ಮಾಡಿ, ತೆರಿಗೆ ಕಾನೂನಿನ ಎಸ್ ಕಾರ್ಪೊರೇಷನ್ ಎಂಬ ವರ್ಗಕ್ಕೆ ಸೇರಿಕೊಂಡರೆ ಕಂಪನಿ ಕೇಂದ್ರ ಸರ್ಕಾರಕ್ಕೆ ಆದಾಯ ತೆರಿಗೆ ಕಟ್ಟುವ ಹಾಗೇ ಇರಲಿಲ್ಲ. ಆ ಉಳಿತಾಯದಿಂದ ಸಾಲ ತೀರಿಸುವ ಪ್ಲಾನ್. ಜಾಣತನ ಅಂದರೆ ಜಾಣತನವೇ, ಇಲ್ಲ ಅನ್ನುವುದಿಲ್ಲ.

ಇನ್ನು ಸಾಲ. ದೊಡ್ಡ ದೊಡ್ಡ ಬ್ಯಾಂಕುಗಳು ಟ್ರಿಬ್ಯೂನ್‌ಗೆ ಸಾಲ ಕೊಟ್ಟವು. ಟ್ರಿಬ್ಯೂನ್ ಆ ದುಡ್ಡನ್ನು ಹಳೇ ಶೇರುದಾರರಿಗೆ ಕೊಟ್ಟು ಕಳಿಸಿತು. ಕಂಪನಿಗೆ ಒಂದು ಹೊಸ ಮುದ್ರಣ ಯಂತ್ರ ಬರಲಿಲ್ಲ, ಒಬ್ಬ ಹೊಸ ವರದಿಗಾರ ಬರಲಿಲ್ಲ, ಒಂದು ಹೊಸ ಸ್ಟೇಷನ್ ಬರಲಿಲ್ಲ. ಬಂದದ್ದು ಸಾಲ ಒಂದೇ. ಹಳೇದೂ ಸೇರಿ ಸುಮಾರು 1,300 ಕೋಟಿ ಡಾಲರ್. ಬಡ್ಡಿಯೇ ವರ್ಷಕ್ಕೆ 100 ಕೋಟಿಯ ಹತ್ತಿರ.

ನೌಕರರನ್ನು ಯಾರೂ ಕೇಳಲಿಲ್ಲ. ಅವರ ಪರವಾಗಿ ಸಹಿ ಹಾಕಿದ್ದು ಕಂಪನಿ ಗೊತ್ತುಮಾಡಿದ ಒಂದು ಟ್ರಸ್ಟಿ ಸಂಸ್ಥೆ. ಮಾಲೀಕರು ನೀವೇ ಅಂದರು. ಬೋರ್ಡಿಗೆ ಯಾರು ಬರಬೇಕು ಎಂದು ಹೇಳುವ ಅಧಿಕಾರ ಮಾತ್ರ ಅವರಿಗೆ ಇರಲಿಲ್ಲ. ಮನೆ ನಿಮ್ಮ ಹೆಸರಿಗೆ ಬರೆದಿದ್ದೇನೆ, ಬೀಗದ ಕೈ ನನ್ನ ಹತ್ರ ಇರಲಿ, ಬ್ಯಾಂಕಿನವರು ಬಂದರೆ ನೀವೇ ಮಾತಾಡಿ ಅಂದ ಹಾಗೆ.

ವ್ಯವಹಾರ ಎರಡು ಹಂತದಲ್ಲಿ ನಡೆಯಿತು. ಜೂನ್‌ನಲ್ಲಿ ಅರ್ಧದಷ್ಟು ಶೇರು ಕೊಂಡರು. ಚಾಂಡ್ಲರ್‌ಗಳು ತಮ್ಮ ಪಾಲು ಮಾರಿಕೊಂಡು ಹೊರಟರು. ಎರಡನೇ ಹಂತಕ್ಕೆ ಎಫ್‌ಸಿಸಿ ಒಪ್ಪಿಗೆ ಬೇಕಿತ್ತು. ಅದು ಸಿಕ್ಕಿದ್ದು ನವೆಂಬರ್ 30ಕ್ಕೆ. ಅಷ್ಟರಲ್ಲಿ ಸಾಲದ ಮಾರುಕಟ್ಟೆ ಕೆಟ್ಟಿತ್ತು, ಜಾಹೀರಾತಿನ ಆದಾಯ ಅಂದುಕೊಂಡದ್ದಕ್ಕಿಂತ ಬೇಗ ಇಳಿಯುತ್ತಿತ್ತು. ಯಾರಾದರೂ ತಡೆಯಬಹುದಿತ್ತು. ಆದರೆ ಸಾಲ ತೀರಿಸುವ ಶಕ್ತಿ ಕಂಪನಿಗೆ ಇದೆ ಎಂಬ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಒಂದು ಸಿಕ್ಕಿತ್ತು, ಬ್ಯಾಂಕುಗಳು ಮಾತು ಕೊಟ್ಟಾಗಿತ್ತು, ಶೇರುದಾರರು 34 ಡಾಲರಿಗೆ ಕೈ ಚಾಚಿ ನಿಂತಿದ್ದರು. ಡಿಸೆಂಬರ್ 20ಕ್ಕೆ ಸಹಿ ಬಿತ್ತು.

ಒಂದು ವರ್ಷದ ಸಂಸಾರ

ಜೆಲ್ ಒರಟು ಮಾತಿನ ಮನುಷ್ಯ. 2008ರ ಶುರುವಿನಲ್ಲಿ ಒರ್ಲ್ಯಾಂಡೋ ಪತ್ರಿಕೆಯ ಸಭೆಯಲ್ಲಿ ಒಬ್ಬ ಫೋಟೋಗ್ರಾಫರ್, ಓದುಗರಿಗೆ ಬೇಕಾದ್ದು ನಾಯಿಮರಿ ಕಥೆ ಆದರೂ ನಾವು ಕೊಡಬೇಕಾದ್ದು ಬೇರೆ ಇದೆಯಲ್ಲ ಎನ್ನುವ ಅರ್ಥದ ಪ್ರಶ್ನೆ ಕೇಳಿದರು. ಅದು ಪತ್ರಕರ್ತರ ಅಹಂಕಾರ, ಮೊದಲು ಆದಾಯ ಬರಲಿ, ಆಮೇಲೆ ನಾಯಿಮರಿಯನ್ನೂ ಇರಾಕನ್ನೂ ಕೊಡೋಣ ಎಂದ ಜೆಲ್, ಕೊನೆಗೆ ಒಂದು ಬೈಗುಳ ಸೇರಿಸಿದರು. ಅದರ ವಿಡಿಯೋ ಎಲ್ಲ ಕಡೆ ಓಡಾಡಿತು. ಬೈದದ್ದು ಬಿಡಿ. ಆದಾಯದ ಬಗ್ಗೆ ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಆದರೆ ಬರುವ ಆದಾಯವೆಲ್ಲ ಬಡ್ಡಿಗೆ ಹೋಗುವ ಹಾಗೆ ಕಟ್ಟಿಹಾಕಿದವರು ಯಾರು?

ಅಮೆರಿಕದ ಪತ್ರಿಕೆಗಳಿಗೆ ಜಾಹೀರಾತಿನಿಂದ 2005ರಲ್ಲಿ ಸುಮಾರು 4,900 ಕೋಟಿ ಡಾಲರ್ ಬರುತ್ತಿತ್ತು. 2009ರ ಹೊತ್ತಿಗೆ ಅದು 2,800 ಕೋಟಿಗೂ ಕೆಳಗೆ ಬಿತ್ತು. ಇಂಥ ಇಳಿಜಾರಿನಲ್ಲಿ ಬೆನ್ನ ಮೇಲೆ 1,300 ಕೋಟಿ ಹೊತ್ತು ನಡೆಯುವುದು ಆಗದ ಮಾತು. ನ್ಯೂಸ್‌ಡೇಯನ್ನು ಕೇಬಲ್‌ವಿಷನ್ ಎಂಬ ಕೇಬಲ್ ಟಿವಿ ಕಂಪನಿಗೆ 65 ಕೋಟಿಗೆ ಮಾರಿದರು. ಜನರನ್ನು ಕಡಿದರು, ಪುಟ ಕಡಿದರು. ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕು ಬಿದ್ದು ಇಡೀ ಮಾರುಕಟ್ಟೆ ನಡುಗಿತು. 2008ರ ಡಿಸೆಂಬರ್ 8ರಂದು ಟ್ರಿಬ್ಯೂನ್ ಡೆಲವೇರ್ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿತು. ಆಸ್ತಿ 760 ಕೋಟಿ, ಸಾಲ ಸುಮಾರು 1,300 ಕೋಟಿ.

ಇಲ್ಲಿ ಒಂದು ಮಾತು ಗಮನಿಸಿ. ಕೋರ್ಟಿನ ನೆರಳಲ್ಲಿ ಕಂಪನಿ 4 ವರ್ಷ ಇತ್ತು. ಬಡ್ಡಿ ಕಟ್ಟುವ ಕಾಟ ಆಗ ಇರಲಿಲ್ಲ. ಆ 4 ವರ್ಷವೂ ಪತ್ರಿಕೆ, ಟಿವಿಗಳ ದಿನದ ವ್ಯವಹಾರ ದುಡ್ಡು ತರುತ್ತಲೇ ಇತ್ತು. ಮೊದಲಿನಷ್ಟು ಅಲ್ಲ, ಆದರೂ ಖರ್ಚು ಕಳೆದು ಉಳಿಯುತ್ತಿತ್ತು. ಅಂದರೆ ವ್ಯಾಪಾರಕ್ಕೆ ಜ್ವರ ಬಂದಿತ್ತು, ನಿಜ. ಉಸಿರು ಕಟ್ಟಿಸಿದ್ದು ಸಾಲ. ಅದೇ ಕಾಲದಲ್ಲಿ ಬೇರೆ ಎಷ್ಟೋ ಪತ್ರಿಕಾ ಕಂಪನಿಗಳು ಸೊರಗಿದವು, ದಿವಾಳಿ ಕೋರ್ಟಿಗೆ ಹೋಗಲಿಲ್ಲ. ಸಾಲ ಮಾಡಿ 2006ರಲ್ಲಿ ನೈಟ್ ರಿಡರ್ ಕೊಂಡ ಮೆಕ್ಲಾಚಿ ಕೂಡ ಕೋರ್ಟಿಗೆ ಹೋದದ್ದು 2020ರಲ್ಲಿ.

ಕೋರ್ಟಿನ 4 ವರ್ಷ ಬಹಳ ಬೇಸರದ ಕಥೆ, ಸುಮ್ನೆ ಎಳೆಯುವುದಿಲ್ಲ. ಕೋರ್ಟ್ ನೇಮಿಸಿದ ಪರೀಕ್ಷಕ ಕೆನೆತ್ ಕ್ಲೀ 2010ರಲ್ಲಿ ದಪ್ಪ ವರದಿ ಕೊಟ್ಟರು. ಮೊದಲ ಹಂತದ ಮೇಲೆ ಅವರಿಗೆ ಅಷ್ಟು ಆಕ್ಷೇಪ ಇರಲಿಲ್ಲ. ಎರಡನೇ ಹಂತ ಮುಗಿದಾಗ ಕಂಪನಿ ಸಾಲ ತೀರಿಸುವ ಸ್ಥಿತಿಯಲ್ಲಿ ಇರಲಿಲ್ಲ, ಅದನ್ನು ಸಾಲ ಕೊಟ್ಟವರಿಗೆ ಸಿಗದಂತೆ ಬೇಕೆಂದೇ ಮಾಡಿದ ಮೋಸದ ವರ್ಗಾವಣೆ ಎಂದು ಕೋರ್ಟ್ ತೀರ್ಮಾನಿಸುವ ಸಾಧ್ಯತೆ ಇದೆ ಎಂದರು. ಸಾಲ ಕೊಟ್ಟವರ ನಡುವೆ ಜಗಳವೋ ಜಗಳ, ವಕೀಲರ ಫೀಸೇ ಹತ್ತಾರು ಕೋಟಿ ಡಾಲರ್. ಹಳೇ ಶೇರುದಾರರಿಗೆ ಹೋದ ದುಡ್ಡು ವಾಪಸ್ ತರಲು ವರ್ಷಗಟ್ಟಲೆ ಕೇಸು ನಡೆಯಿತು. ಶೇರು ವ್ಯವಹಾರದ ಪಾವತಿಗಳಿಗೆ ದಿವಾಳಿ ಕಾನೂನಿನಲ್ಲೇ ರಕ್ಷಣೆ ಇರುವುದರಿಂದ ಬಹುಪಾಲು ಬರಲೇ ಇಲ್ಲ.

ನೌಕರರ ಶೇರು ಶೂನ್ಯವಾಯಿತು. ಲಾಸ್ ಏಂಜಲೀಸ್ ಟೈಮ್ಸ್‌ನ ಕೆಲವು ಪತ್ರಕರ್ತರು ಕೇಸು ಹಾಕಿದ್ದರು, ಅದು 3.2 ಕೋಟಿ ಡಾಲರಿಗೆ ರಾಜಿಯಾಯಿತು. ಸಾವಿರಾರು ಜನರಿಗೆ ಹಂಚಬೇಕಾದ ದುಡ್ಡು ಅದು.

ಜೆಲ್ ತಂದು ಕೂರಿಸಿದ ರೇಡಿಯೋ ಮನುಷ್ಯ ರ‍್ಯಾಂಡಿ ಮೈಕಲ್ಸ್ ಈ ಹೊತ್ತಿನಲ್ಲಿ ಕಂಪನಿ ನಡೆಸುತ್ತಿದ್ದರು. ಕರ್ನಲ್ ಮೆಕಾರ್ಮಿಕ್ ಕೂರುತ್ತಿದ್ದ ಕೋಣೆಯಲ್ಲೇ ಇಸ್ಪೀಟು ಪಾರ್ಟಿ, ಹೆಣ್ಣುಮಕ್ಕಳ ಮುಂದೆ ಅಸಹ್ಯ ಮಾತು, ಇಂಥದ್ದನ್ನೆಲ್ಲ 2010ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಅದೇ ತಿಂಗಳು ಅವರು ರಾಜೀನಾಮೆ ಕೊಟ್ಟರು. ಕಬ್ಸ್ ತಂಡ ಅದಕ್ಕೂ ಮೊದಲೇ, 2009ರಲ್ಲಿ, ರಿಕೆಟ್ಸ್ ಕುಟುಂಬಕ್ಕೆ ಸುಮಾರು 84.5 ಕೋಟಿಗೆ ಹೋಗಿತ್ತು. ತಮಾಷೆ ಅಂದರೆ, 2.05 ಕೋಟಿಗೆ ತಂದ ಈ ತಂಡದಷ್ಟು ಲಾಭ ಈ ಕಂಪನಿಗೆ ಯಾವ ಜಾಣ ವ್ಯವಹಾರವೂ ತಂದುಕೊಡಲಿಲ್ಲ ಅನಿಸುತ್ತದೆ.

ಪಾಲು

2012ರ ಡಿಸೆಂಬರ್ 31ರಂದು ಟ್ರಿಬ್ಯೂನ್ ಕೋರ್ಟಿನಿಂದ ಹೊರಬಂತು. ಒಡೆಯರು ಈಗ ಸಾಲ ಕೊಟ್ಟವರೇ: ಓಕ್‌ಟ್ರೀ, ಏಂಜೆಲೋ ಗಾರ್ಡನ್, ಜೆಪಿ ಮಾರ್ಗನ್ ಚೇಸ್. ಇವರಿಗೆ ಟಿವಿ ಮೇಲೆ ಪ್ರೀತಿ, ಕಾರಣವೂ ಸ್ಪಷ್ಟ. ಎರಡು ವರ್ಷಕ್ಕೊಮ್ಮೆ ಚುನಾವಣೆ ಬಂದು ಜಾಹೀರಾತು ಸುರಿಯುತ್ತದೆ, ಚಾನೆಲ್ ತೋರಿಸಲು ಕೇಬಲ್ ಕಂಪನಿಗಳು ಫೀಸು ಕೊಡುತ್ತವೆ. 2013ರಲ್ಲಿ 272.5 ಕೋಟಿ ಕೊಟ್ಟು ಇನ್ನೂ 19 ಸ್ಟೇಷನ್ ಕೊಂಡು ಒಟ್ಟು 42 ಮಾಡಿಕೊಂಡರು. 2014ರ ಆಗಸ್ಟ್‌ನಲ್ಲಿ ಕಂಪನಿಯನ್ನು ಎರಡು ಮಾಡಿದರು. ಟಿವಿ ಒಂದು ಕಡೆ, ಪತ್ರಿಕೆ ಒಂದು ಕಡೆ.

ಪಾಲು ಹಂಚಿದ ರೀತಿ ನೋಡಿ. ಪತ್ರಿಕೆಗಳ ಕಂಪನಿ ಹುಟ್ಟಿದ ಕೂಡಲೇ 35 ಕೋಟಿ ಡಾಲರ್ ಸಾಲ ಮಾಡಿ, ಅದರಲ್ಲಿ 27.5 ಕೋಟಿಯನ್ನು ಟಿವಿ ಕಂಪನಿಗೆ ಕೊಡಬೇಕಿತ್ತು. ಕಟ್ಟಡಗಳೆಲ್ಲ ಟಿವಿ ಪಾಲಿಗೆ. ಮಿಷಿಗನ್ ಅವೆನ್ಯೂದಲ್ಲಿ 1925ರಿಂದ ನಿಂತಿದ್ದ ಟ್ರಿಬ್ಯೂನ್ ಟವರ್‌ನಲ್ಲಿ ಟ್ರಿಬ್ಯೂನ್ ಪತ್ರಿಕೆಯೇ ಬಾಡಿಗೆದಾರ ಆಯಿತು! ನನಗೆ ಇದಕ್ಕಿಂತ ಜಾಸ್ತಿ ಚುಚ್ಚಿದ್ದು ಇನ್ನೊಂದು. ವರ್ಗೀಕೃತ ಜಾಹೀರಾತು ಇಂಟರ್ನೆಟ್‌ಗೆ ಹೋಗುತ್ತದೆ ಎಂದು ಪತ್ರಿಕೆಗಳಿಗೆ ಗೊತ್ತೇ ಇರಲಿಲ್ಲ ಅಂತೇನಲ್ಲ. ಗೊತ್ತಿತ್ತು. ಬೇರೆ ಪತ್ರಿಕಾ ಕಂಪನಿಗಳ ಜೊತೆ ಸೇರಿ ಕಾರ್ಸ್ ಡಾಟ್ ಕಾಮ್, ಕೆರಿಯರ್‌ಬಿಲ್ಡರ್ ಎಂಬ ತಾಣಗಳಲ್ಲಿ ಟ್ರಿಬ್ಯೂನ್ ಪಾಲು ಇಟ್ಟುಕೊಂಡಿತ್ತು. ಪತ್ರಿಕೆಯ ಮುಪ್ಪಿನ ಕಾಲಕ್ಕೆ ಆಗಬೇಕಾದ ಗಂಟು ಅದು. ಪಾಲಾಗುವಾಗ ಅದೂ ಟಿವಿ ಕಂಪನಿಗೆ ಹೋಯಿತು. ಅದೇ ವರ್ಷ ಕಾರ್ಸ್ ಡಾಟ್ ಕಾಮ್‌ನ ಪಾಲು ಮಾರಿ ಅವರು 68 ಕೋಟಿಗೂ ಮಿಕ್ಕಿ ಎಣಿಸಿಕೊಂಡರು.

ಆಮೇಲಿನದ್ದನ್ನು ಬೇಗ ಹೇಳುತ್ತೇನೆ. ಟಿವಿ ಕಂಪನಿ ಕೊಳ್ಳಲು 2017ರಲ್ಲಿ ಸಿಂಕ್ಲೇರ್ ಎಂಬ ಇನ್ನೊಂದು ಟಿವಿ ಕಂಪನಿ 390 ಕೋಟಿಯ ಒಪ್ಪಂದ ಮಾಡಿತು. ಟಿವಿ ಒಡೆತನಕ್ಕೆ ಕಾನೂನು ಹಾಕಿದ ಮಿತಿ ಮೀರದಿರಲಿ ಎಂದು ಡಬ್ಲ್ಯುಜಿಎನ್ ಟಿವಿಯನ್ನು ತನ್ನ ಮುಖ್ಯಸ್ಥರ ಪರಿಚಯದ ವ್ಯಾಪಾರಿಗೆ 6 ಕೋಟಿಗೆ ಮಾರುವ ನಾಟಕ ಹೂಡಿತ್ತು. ಎಫ್‌ಸಿಸಿಗೆ ಅನುಮಾನ ಬಂತು, 2018ರಲ್ಲಿ ಒಪ್ಪಂದ ಮುರಿಯಿತು. 2019ರ ಸೆಪ್ಟೆಂಬರ್‌ನಲ್ಲಿ ನೆಕ್ಸ್‌ಸ್ಟಾರ್ ಎಂಬ ಮತ್ತೊಂದು ಟಿವಿ ಕಂಪನಿ 410 ಕೋಟಿಗೆ ಕೊಂಡಿತು, ಮೇಲೆ ಸಾಲದ ಹೊಣೆಯೂ ಸೇರಿತು.

ಪತ್ರಿಕೆ ಕಂಪನಿ 2016ರಲ್ಲಿ ಟ್ರಾಂಕ್ ಎಂದು ಹೆಸರು ಬದಲಿಸಿ ನಗೆಪಾಟಲಾಯಿತು, ಎರಡೇ ವರ್ಷಕ್ಕೆ ಹಳೇ ಹೆಸರಿಗೆ ಮರಳಿತು. 2018ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಮತ್ತು ಸ್ಯಾನ್ ಡಿಯೇಗೋ ಪತ್ರಿಕೆಗಳನ್ನು ವೈದ್ಯ, ಉದ್ಯಮಿ ಪ್ಯಾಟ್ರಿಕ್ ಸೂನ್-ಶಿಯಾಂಗ್ 50 ಕೋಟಿಗೆ ಕೊಂಡರು. ಉಳಿದದ್ದು 2021ರ ಮೇ ತಿಂಗಳಲ್ಲಿ ಆಲ್ಡನ್ ಗ್ಲೋಬಲ್ ಕ್ಯಾಪಿಟಲ್ ಎಂಬ ಹೆಜ್ ಫಂಡ್, ಅಂದರೆ ಶ್ರೀಮಂತರ ದುಡ್ಡು ಹೂಡುವ ಸಂಸ್ಥೆಯ ಪಾಲಾಯಿತು, ಸುಮಾರು 63 ಕೋಟಿಗೆ. ಕೊಂಡ ಕೂಡಲೇ ಆಲ್ಡನ್ ಮಾಡಿದ ಕೆಲಸ ನೀವೇ ಊಹಿಸಬಹುದು: ಕಂಪನಿಯ ಹೆಸರಿಗೆ 27.8 ಕೋಟಿ ಸಾಲ, ಕೆಲವೇ ದಿನದಲ್ಲಿ ಸುದ್ದಿಮನೆಯವರಿಗೆ ಸ್ವಯಂ ನಿವೃತ್ತಿಯ ಕಾಗದ.

ಟ್ರಿಬ್ಯೂನ್ ಟವರ್ 2016ರಲ್ಲೇ 24 ಕೋಟಿಗೆ ಮಾರಾಟವಾಗಿತ್ತು, ಈಗ ಅದರಲ್ಲಿ ಐಷಾರಾಮಿ ಫ್ಲ್ಯಾಟ್‌ಗಳಿವೆ. ಪತ್ರಕರ್ತರು ಅಲ್ಲಿಂದ ಬಾಡಿಗೆ ಆಫೀಸಿಗೆ, ಅಲ್ಲಿಂದ ನದಿ ದಂಡೆಯ ಫ್ರೀಡಂ ಸೆಂಟರ್ ಎಂಬ ಮುದ್ರಣಾಲಯಕ್ಕೆ ಹೋದರು. 2024ರಲ್ಲಿ ಅದನ್ನೂ ಖಾಲಿ ಮಾಡಿಸಿದರು. ಆ ಜಾಗ ಈಗ ಕ್ಯಾಸಿನೋಗೆ ಹೋಗಿದೆ.